ಮಳೆಯ ನೀರು, ಊರಿನ ಹೊಣೆ

ಆಕಾಶದಿಂದ ಬೀಳುವ ಮಳೆನೀರು ಬಹುಮಟ್ಟಿಗೆ ನಿರ್ಮಲವಾದುದು. ಅದು ಮಲಿನವಾಗುವುದು ನೆಲವನ್ನು ಮುಟ್ಟಿದ ಮೇಲೆ. ಬೆಳಗಾವಿಯಂತಹ ನಗರದಲ್ಲಿ ಕಟ್ಟಡಕ್ಕಾಗಿ ಅಗೆದ ಮಣ್ಣು, ಸಿಮೆಂಟಿನ ಪುಡಿ, ಎಣ್ಣೆ ಇವೆಲ್ಲವೂ ಮಳೆಯೊಡನೆ ಚರಂಡಿಗೆ ಹರಿಯುತ್ತವೆ. ಮಳೆನೀರಿನ ಚರಂಡಿಯು ಶುದ್ಧೀಕರಣ ಘಟಕಕ್ಕೆ ಹೋಗುವುದಿಲ್ಲ. ನೇರವಾಗಿ ಹಳ್ಳವನ್ನು ಸೇರುತ್ತದೆ. ಮನೆಗಳ ಕೊಳಚೆಯನ್ನೂ ಅದಕ್ಕೇ ಬಿಟ್ಟರೆ ಕೇಡು ಇಮ್ಮಡಿಯಾಗುತ್ತದೆ.

ನಗರದ ಬಳ್ಳಾರಿ ನಾಲೆಯೇ ಇದಕ್ಕೆ ನಿದರ್ಶನ. ಕೊಳಚೆಯನ್ನೂ ಹೂಳನ್ನೂ ಹೊತ್ತ ಈ ನಾಲೆಯು ಮಳೆಗಾಲದಲ್ಲಿ ಉಕ್ಕಿ ವಡಗಾವಿ, ಯಳ್ಳೂರು ಭಾಗದ ಗದ್ದೆಗಳಿಗೆ ನುಗ್ಗುತ್ತದೆ. ನಗರದ ತಪ್ಪಿಗೆ ರೈತನು ದಂಡ ತೆರುತ್ತಾನೆ.

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಖಾನಾಪುರವನ್ನು ಹಾದು ನವಿಲುತೀರ್ಥದ ಜಲಾಶಯವನ್ನು ಸೇರುತ್ತದೆ. ಖಾನಾಪುರದ ಜೇಡಿಮಣ್ಣು ಹಂಚು, ಮಡಕೆಗಳಿಗೆ ಹೆಸರಾದುದು. ಆದರೆ ಜೇಡಿಯ ಸೂಕ್ಷ್ಮ ಕಣಗಳು ಮರಳಿನಂತೆ ಬೇಗನೆ ತಳಕ್ಕಿಳಿಯುವುದಿಲ್ಲ. ನೀರಿನಲ್ಲಿ ಬಹುದೂರ ತೇಲಿ, ಜಲಾಶಯದಲ್ಲಿ ಹೂಳಾಗುತ್ತವೆ.

ಇದನ್ನು ತಡೆಯುವ ಉಪಾಯಗಳು ಸರಳವಾಗಿವೆ: ಮಣ್ಣಿನ ರಾಶಿಗೆ ಹೊದಿಕೆ, ನಿವೇಶನದ ತಗ್ಗಿನಲ್ಲಿ ಹೂಳುಗುಂಡಿ, ಕೊಳಚೆಗೆ ಪ್ರತ್ಯೇಕ ಒಳಚರಂಡಿ. ಕಾನೂನೂ ಉಂಟು. 1974ರ ಜಲಮಾಲಿನ್ಯ ಕಾಯಿದೆಯ 24ನೆಯ ಕಲಮು ಮಲಿನ ವಸ್ತುಗಳನ್ನು ತಿಳಿದೂ ಹಳ್ಳ, ಬಾವಿಗಳಿಗೆ ಬಿಡುವುದನ್ನು ನಿಷೇಧಿಸುತ್ತದೆ. ಆದರೆ ಮಳೆಯು ತಪ್ಪಿನೊಡನೆ ಸಾಕ್ಷ್ಯವನ್ನೂ ತೊಳೆದುಬಿಡುತ್ತದೆ. ಆದುದರಿಂದ ಮಾಲಿನ್ಯ ನಿಯಂತ್ರಣ ಮಂಡಳಿ, ಮಹಾನಗರಪಾಲಿಕೆ, ಪಟ್ಟಣ ಪಂಚಾಯಿತಿಗಳ ತಪಾಸಣೆಯು ಜೂನ್ ತಿಂಗಳ ಮೊದಲ ಮಳೆಗೆ ಮುನ್ನವೇ ನಡೆಯಬೇಕು. ಹೊದಿಕೆಯ ಬೆಲೆಗಿಂತ ದಂಡವು ಹೆಚ್ಚಾಗಿರಬೇಕು. ದಂಡವೇ ಅಗ್ಗವಾದರೆ ಜನರು ದಂಡವನ್ನೇ ಕಟ್ಟುತ್ತಾರೆ. ಹೊಳೆಯು ಮಲಿನವಾಗಿಯೇ ಉಳಿಯುತ್ತದೆ.