ಮದ್ದು ಹುಣ್ಣಿಗಲ್ಲ, ಕಾಲಿಗೆ

ಪಾದದ ಗಂಟಿನ ಒಳಮಗ್ಗುಲಲ್ಲಿ ಮೊದಲು ಚರ್ಮ ಕಪ್ಪಾಗುತ್ತದೆ. ಆಮೇಲೆ ತುರಿಕೆ. ತುರಿಸಿದ್ದೋ ಮುಳ್ಳು ಗೀರಿದ್ದೋ ಹುಣ್ಣಾಗಿ, ತಿಂಗಳುಗಟ್ಟಲೆ ನೀರೊಸರುತ್ತಲೇ ಇರುತ್ತದೆ. ದಿನವಿಡೀ ಒಲೆಯೆದುರು ನಿಲ್ಲುವ ಅಡಿಗೆಯವರು, ಅಂಗಡಿಯವರು, ಹಲವು ಹೆತ್ತ ತಾಯಂದಿರು ಇದನ್ನು ಬಲ್ಲರು. ಮುಲಾಮು ಬದಲಾಗುತ್ತದೆ, ಹುಣ್ಣು ಹಾಗೆಯೇ ಉಳಿಯುತ್ತದೆ. ಏಕೆಂದರೆ ತೊಂದರೆ ಇರುವುದು ಹುಣ್ಣಿನಲ್ಲಲ್ಲ, ಮೇಲೇರದೆ ನಿಂತ ರಕ್ತದಲ್ಲಿ.

ನಡೆಯುವಾಗ ಮೀನಖಂಡ ರಕ್ತವನ್ನು ಹಿಂಡಿ ಹೃದಯದತ್ತ ತಳ್ಳುತ್ತದೆ. ಅಭಿಧಮನಿಗಳೊಳಗಿನ ಕವಾಟಗಳು ಅದು ಮತ್ತೆ ಕೆಳಗಿಳಿಯದಂತೆ ತಡೆಯುತ್ತವೆ. ಈ ಕವಾಟಗಳ ಬಗ್ಗೆ ಇಟಲಿಯ ಫ್ಯಾಬ್ರಿಷಿಯಸ್ 1603ರಲ್ಲಿ ಪುಸ್ತಕ ಪ್ರಕಟಿಸಿದ. ಅವುಗಳ ಕೆಲಸವೇನೆಂದು 1628ರಲ್ಲಿ ಬಿಡಿಸಿ ಹೇಳಿದವನು ಅವನ ಶಿಷ್ಯ ವಿಲಿಯಂ ಹಾರ್ವೆ. ಹೆಪ್ಪುಗಟ್ಟಿದ ರಕ್ತ, ಬಸಿರು, ಮೈತೂಕ, ವಂಶದ ಗುಣ ಇವೆಲ್ಲ ಕವಾಟವನ್ನು ಕೆಡಿಸಬಲ್ಲವು. ಕೆಟ್ಟರೆ ಒತ್ತಡ ಕಾಲಿನಲ್ಲೇ ಕೂರುತ್ತದೆ, ಚರ್ಮ ಸೊರಗುತ್ತದೆ.

ಹಾಗಾಗಿ ಇದರ ಚಿಕಿತ್ಸೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ಬಟ್ಟೆ ಕಟ್ಟುವ ಚರಿತ್ರೆ. ಸುಶ್ರುತ ಸಂಹಿತೆ ಹದಿನಾಲ್ಕು ಬಗೆಯ ಕಟ್ಟುಗಳನ್ನು ಹೇಳುತ್ತದೆ. 19ನೇ ಶತಮಾನದ ಕೊನೆಗೆ ಜರ್ಮನಿಯ ಉನ್ನಾ, ಸತುವಿನ ಲೇಪ ಸವರಿದ ಪಟ್ಟಿಯನ್ನು ಕಾಲಿಗೆ ಸುತ್ತಿದ. ಆ ಕಟ್ಟು ಇಂದಿಗೂ ಅವನ ಹೆಸರಿನಲ್ಲೇ ಇದೆ.

ಕಾಸರಗೋಡಿನ ಪಾಲು ಇಲ್ಲಿ ಬರುತ್ತದೆ. ಚರ್ಮತಜ್ಞ ಡಾ. ಎಸ್. ಆರ್. ನರಹರಿ ಮತ್ತು ಸಂಗಡಿಗರು 1999ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಕಟ್ಟಿದರು. ಅವರು ಹೆಚ್ಚಾಗಿ ಹಿಡಿದದ್ದು ಆನೆಕಾಲನ್ನು. ಅದು ದುಗ್ಧರಸದ ತೊಂದರೆ, ಬೇರೆಯದೇ ರೋಗ. ಆದರೂ ಉಬ್ಬಿದ ಕಾಲಿನ ಆರೈಕೆಯಲ್ಲಿ ಎರಡಕ್ಕೂ ನೆಂಟಸ್ತಿಕೆಯಿದೆ. ಅವರ ಕ್ರಮ ಇಷ್ಟು: ಸೋಪಿನಲ್ಲಿ ತೊಳೆದು ಒರೆಸುವುದು, ಆಯುರ್ವೇದದ ಫಾಂಟದಲ್ಲಿ, ಅಂದರೆ ಮೂಲಿಕೆ ನೆನೆಸಿ ಸೋಸಿದ ನೀರಿನಲ್ಲಿ, ಕಾಲು ನೆನೆಸುವುದು, ಯೋಗ, ಉಜ್ಜುವಿಕೆ, ಕೊನೆಗೆ ಪಟ್ಟಿ. ಆಕ್ಸ್‌ಫರ್ಡಿನ ಟೆರೆನ್ಸ್ ರಯಾನ್ ಈ ಕೆಲಸದಲ್ಲಿ ಜತೆಯಾದರು. ಆಲಪ್ಪುಳ ಮತ್ತು ನಮ್ಮ ಕಲಬುರಗಿ ಜಿಲ್ಲೆಗಳ ಹಳ್ಳಿಗಳಿಗೂ ಇದು ಹೋಯಿತು. ರೋಗಿ ಮನೆಯಲ್ಲೇ ತನ್ನ ಕಾಲನ್ನು ನೋಡಿಕೊಳ್ಳಲು ಕಲಿಯಬೇಕೆಂಬುದು ಇವರ ಹಟ. ಅದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಕಟ್ಟುವುದು ಕೈಚಳಕದ ಕೆಲಸ. ಹಾಸಿಗೆಯಿಂದ ಏಳುವ ಮೊದಲೇ, ಬಾವು ಇಳಿದಿರುವಾಗ, ಪಾದವನ್ನು ಮೇಲಕ್ಕೆ ಮಡಚಿ ಬೆರಳ ಬುಡದಿಂದ ಶುರು. ಹಿಮ್ಮಡಿ ಬಿಡದೆ, ಒಂದು ಸುತ್ತಿನ ಅರ್ಧವನ್ನು ಮುಂದಿನದು ಮುಚ್ಚುವಂತೆ ಮೊಣಕಾಲ ಕೆಳಗಿನವರೆಗೆ. ಗಂಟಿನ ಬಳಿ ಒತ್ತಡ ಸುಮಾರು 40 ಮಿ.ಮೀ. ಪಾದರಸದಷ್ಟಿರಬೇಕು, ಮೇಲೆ ಹೋದಂತೆ ಕಡಿಮೆ. ಆದರೆ ಯಾರ ಕಾಲಿಗೂ ಸುಮ್ಮನೆ ಬಿಗಿಯಬಾರದು. ಕಾಲಿಗೆ ಶುದ್ಧ ರಕ್ತ ತರುವ ಅಪಧಮನಿ ಕಟ್ಟಿದ್ದರೆ ಬೆರಳೇ ಸತ್ತೀತು. ಸಕ್ಕರೆ ಕಾಯಿಲೆ ಮನೆಮನೆಯಲ್ಲಿರುವಾಗ ಈ ಎಚ್ಚರ ಇನ್ನೂ ಬೇಕು. ಮೊದಲು ವೈದ್ಯರು ಕಾಲಿನ ಮತ್ತು ತೋಳಿನ ರಕ್ತದೊತ್ತಡವನ್ನು ಹೋಲಿಸಿ ನೋಡಲಿ.

ಈಗ ಕೆಟ್ಟ ನಾಳವನ್ನೇ ಲೇಸರಿನಿಂದ ಮುಚ್ಚುತ್ತಾರೆ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಬೇಗ ಮುಚ್ಚಿಸಿಕೊಂಡವರ ಹುಣ್ಣು ಮಧ್ಯಮ ಲೆಕ್ಕದಲ್ಲಿ 56 ದಿನಕ್ಕೆ ಮಾಗಿತು. ತಡಮಾಡಿದವರದು 82 ದಿನಕ್ಕೆ. ಆ ಎರಡು ಗುಂಪಿನವರಿಗೂ ಪಟ್ಟಿ ಕಟ್ಟಿಯೇ ಇದ್ದರು. ಮಾಗಿದ ಮೇಲೂ ಒತ್ತುವ ಕಾಲುಚೀಲ ಹಾಕಬೇಕು, ಇಲ್ಲವಾದರೆ ಹುಣ್ಣು ಮರಳುವುದು ಸಾಮಾನ್ಯ. ನಮ್ಮ ಸೆಕೆಗೆ ಅದು ಕಷ್ಟವೇ. ಬೆಳಿಗ್ಗೆ ಹಾಕಿ ರಾತ್ರಿ ಮಲಗುವಾಗ ತೆಗೆಯಬಹುದು. ರಬ್ಬರು ಸಡಿಲಾಗುವುದರಿಂದ ಆರು ತಿಂಗಳಿಗೊಮ್ಮೆ ಹೊಸದು ಬೇಕು.