ಊರಲ್ಲೇ ಕಲಿಯಬೇಕಾದ ವೈದ್ಯಕೀಯ

ಸಮುದಾಯ ಆರೋಗ್ಯದ ತರಬೇತಿ ಎಂದರೆ ವೈದ್ಯರನ್ನೂ ನರ್ಸ್‌ಗಳನ್ನೂ ವಾರ್ಡಿನಾಚೆ, ಜನ ಬದುಕುವ ಊರಲ್ಲೇ ಪಳಗಿಸುವುದು. ವೈದ್ಯ ವಿದ್ಯಾರ್ಥಿಗಳಿಗೆ ಇಂಥ ಮೂರು ತಿಂಗಳ ತರಬೇತಿ ಬೇಕೆಂದು ದೇಶದ ಆರೋಗ್ಯ ಸೇವೆಗಳನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲೇ ಹೇಳಿತ್ತು. ರಾಯಚೂರು ನಗರಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಬಂದದ್ದು 2007ರಲ್ಲಿ. ಖಾಸಗಿ ನವೋದಯ ಕಾಲೇಜು ಅದಕ್ಕೂ ಮೊದಲೇ ಇತ್ತು.

ನಗರದಲ್ಲಿ ಕಲಿತದ್ದಷ್ಟೇ ಜಿಲ್ಲೆಯ ದೇವದುರ್ಗ, ಮಾನ್ವಿಯಲ್ಲಿ ಸಾಲದು. ಹತ್ತಿ ಬಿಡಿಸುವ ಕಾಲಕ್ಕೆ ಹೆಂಗಸರು ನಸುಕಿಗೇ ಹೊಲ ಸೇರಿರುತ್ತಾರೆ; ಹತ್ತು ಗಂಟೆಗೆ ಮನೆಭೇಟಿಗೆ ಹೋದ ನರ್ಸ್‌ಗೆ ಸಿಗುವುದು ಬಾಗಿಲ ಬೀಗ. ಸುಗ್ಗಿ ಮುಗಿದರೆ ಬೆಂಗಳೂರಿಗೆ ಗುಳೆ: ಬಸುರಿಯ ತಾಯಿ ಕಾರ್ಡ್ ಆದದ್ದು ಇಲ್ಲಿ, ಹೆರಿಗೆ ಇನ್ನೆಲ್ಲೋ. ತಾಂಡಾದಲ್ಲಿ ಲಂಬಾಣಿ ಮಾತು, ಕಾಲುವೆ ಬದಿಯ ಕ್ಯಾಂಪುಗಳಲ್ಲಿ ತೆಲುಗು.

ಈಗಿನ ನಿಯಮದಂತೆ ಎಂಬಿಬಿಎಸ್ ವಿದ್ಯಾರ್ಥಿ ಮೊದಲ ವರ್ಷದಲ್ಲೇ ಮೂರರಿಂದ ಐದು ಹಳ್ಳಿ ಕುಟುಂಬಗಳನ್ನು ದತ್ತು ತೆಗೆದುಕೊಂಡು, ಮುಂದಿನ ವರ್ಷಗಳಲ್ಲೂ ಅವರ ಆರೋಗ್ಯವನ್ನು ಗಮನಿಸಬೇಕು. ಕೆಳರೆಪ್ಪೆ ಎಳೆದು ರಕ್ತಹೀನತೆಯ ಸುಳಿವು ಹಿಡಿಯುವುದು ಸುಲಭ. ಕೊಟ್ಟ ಕಬ್ಬಿಣದ ಮಾತ್ರೆ ಗೂಡಿನಲ್ಲೇ ಏಕೆ ಉಳಿಯಿತೆಂದು ತಿಳಿಯಲು ಎರಡನೇ, ಮೂರನೇ ಭೇಟಿ ಬೇಕು. ಇಂಟರ್ನ್‌ಶಿಪ್‌ನಲ್ಲೂ ಸಮುದಾಯ ವೈದ್ಯಕೀಯಕ್ಕೆ 12 ವಾರ ಮೀಸಲು.

ನರ್ಸ್‌ಗಳ ವಿಷಯದಲ್ಲಿ ಈ ಭಾಗ ಇನ್ನೂ ಮುಂದೆ ಹೋಗಿ ಒಂದು ಪ್ರಯೋಗ ಕಂಡಿದೆ. ರಾಯಚೂರು ಸೇರಿ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ನಡೆದ ‘ಸುಕ್ಷೇಮ’ ಯೋಜನೆ, ನರ್ಸ್‌ಗಳನ್ನು ತರಬೇತಿ ಕೇಂದ್ರಕ್ಕೆ ಕರೆಸುವ ಬದಲು ಮಾರ್ಗದರ್ಶಕ ನರ್ಸ್‌ಗಳನ್ನೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕಳಿಸಿತು. ಮಾರ್ಗದರ್ಶಕಿ ಹೆರಿಗೆ ಕೋಣೆಯಲ್ಲೇ ನಿಂತು, ಕೇಸ್ ಶೀಟ್ ತುಂಬುವುದನ್ನೂ, ಮಗು ಹುಟ್ಟಿದ ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಚುಚ್ಚುವುದನ್ನೂ ಕೈಹಿಡಿದು ಕಲಿಸುತ್ತಿದ್ದಳು. ಔಷಧಿ ಬೀರುವಿನ ಕೀಲಿ ಯಾರ ಬಳಿ ಎಂಬುದೂ ಇಲ್ಲಿ ಪಾಠವೇ. ರಕ್ತಸ್ರಾವ ಶುರುವಾದರೆ ಕೀಲಿ ಹುಡುಕುತ್ತ ಕೂರಲಾಗದು. ಬಳ್ಳಾರಿ, ಕಲಬುರಗಿಯ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ಮಾರ್ಗದರ್ಶನದ ಕ್ರಮವನ್ನು ಪರೀಕ್ಷಿಸಿದಾಗ, ಮಾರ್ಗದರ್ಶನ ಪಡೆದ ಕೇಂದ್ರಗಳ ಸಿದ್ಧತೆಯೂ ನರ್ಸ್‌ಗಳ ತಿಳಿವಳಿಕೆಯೂ ಉಳಿದವಕ್ಕಿಂತ ಮೇಲಾಗಿದ್ದವು.

2018ರ ಆಯುಷ್ಮಾನ್ ಭಾರತ ಯೋಜನೆಯ ನಂತರ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬಂದರು. ಹೆಚ್ಚಿನವರು ಬಿ.ಎಸ್ಸಿ. ನರ್ಸಿಂಗ್ ಓದಿದವರು, ಬಿಪಿ, ಸಕ್ಕರೆ ಕಾಯಿಲೆಯ ತಪಾಸಣೆ ಅವರ ನಿತ್ಯದ ಕೆಲಸ; ಊರಲ್ಲೇ ಕಲಿಯುವ ತರಬೇತಿ ಅವರಿಗೂ ಬೇಕು.

ವೈದ್ಯರಿಗೆ ಒಂದು ವರ್ಷದ ಗ್ರಾಮೀಣ ಸೇವೆ ಕಡ್ಡಾಯವೆಂದು ರಾಜ್ಯದ 2012ರ ಕಾಯ್ದೆ ಹೇಳಿತ್ತು. ಆದರೆ ಊರು ಪರಿಚಯವಾಗುವಷ್ಟರಲ್ಲೇ ಆ ವರ್ಷ ತೀರಿರುತ್ತಿತ್ತು. ಸಂವಿಧಾನದ 371ಜೆ ವಿಧಿಯಡಿ ಈ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ ಮೀಸಲಾಗಿರುವುದು ಹೆಚ್ಚು ಉಪಯೋಗಕ್ಕೆ ಬರಬಹುದು. ಗುಳೆ ಹೋದವರು ಊರಿಗೆ ಮರಳುವ ಕಾಲವನ್ನು ಇಲ್ಲಿಯ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ.