65 ಡಾಲರಿಗೆ ಬಂದ ಎಂ.ಡಿ.

ಗಾಜಿನ ಪೆಟ್ಟಿಗೆಯಲ್ಲಿ ಮನುಷ್ಯನೊಬ್ಬನ ನರಮಂಡಲ ಇಡಿಯಾಗಿದೆ. ಮೂಳೆಯಿಲ್ಲ, ಮಾಂಸವಿಲ್ಲ. ಮಿದುಳು, ಬೆನ್ನುಹುರಿ, ಅಲ್ಲಿಂದ ಕೈಕಾಲಿಗೆ ಕವಲೊಡೆದು ಇಳಿದ ನರಗಳು, ಅಷ್ಟೇ. ಅಮೆರಿಕದ ಮಿಸೌರಿಯ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನ ಆಸ್ಟಿಯೋಪಥಿ ಮ್ಯೂಸಿಯಂನಲ್ಲಿ ಇದರ ಮುಂದೆ ನಿಂತವಳಿಗೆ ಅಲ್ಲಿಂದ ಕಾಲು ಕೀಳಲು ಮನಸ್ಸಾಗಲಿಲ್ಲ. 1925ರಲ್ಲಿ ಇಬ್ಬರು ವಿದ್ಯಾರ್ಥಿಗಳು ಸುಮಾರು 1,500 ಗಂಟೆ ಕೂತು ಬಿಡಿಸಿದ್ದು ಇದು. ಮಿದುಳಿನ ಬುಡದಿಂದ ಶುರುಮಾಡಿ ಕೆಳಗಿಳಿಯುತ್ತ, ಬಿಡಿಸಿದ ನರಗಳನ್ನು ದ್ರಾವಣದಲ್ಲಿ ಅದ್ದಿದ ಹತ್ತಿಯಲ್ಲಿ ಸುತ್ತಿಡುತ್ತಿದ್ದರಂತೆ. ತೊಡೆಗಿಳಿಯುವ ಸಯಾಟಿಕ್ ನರ ಹಗ್ಗದ ಹಾಗೆ ದಪ್ಪ. ಪಕ್ಕೆಲುಬುಗಳ ನಡುವಿನವು ದಾರದೆಳೆ. ಒಂದೂ ತುಂಡಾಗದಂತೆ ಕಾಪಾಡಿದ ಆ ಕೈಗಳ ತಾಳ್ಮೆಗೆ ಏನು ಹೇಳಲಿ!

ಇಂಥ ಆಸ್ಟಿಯೋಪಥಿ ವೈದ್ಯರನ್ನೇ, ಅಂದರೆ ಡಿ.ಒ.ಗಳನ್ನೇ, ಅಮೆರಿಕದ ವೈದ್ಯಕೀಯ ಸಂಘ ದಶಕಗಳ ಕಾಲ ಹೊರಗಿಟ್ಟಿತ್ತು. ಅವರ ಜೊತೆ ಸೇರಿ ರೋಗಿಯನ್ನು ನೋಡುವುದೇ ಅಲ್ಲಿನ ಸಾಮಾನ್ಯ ವೈದ್ಯ ಪದವಿಯಾದ ಎಂ.ಡಿ. ಪಡೆದವರಿಗೆ ಅನೈತಿಕ ಎನ್ನುತ್ತಿತ್ತು ಅದರ ನೀತಿಸಂಹಿತೆ.

ಮೂಳೆ, ಸ್ನಾಯುಗಳನ್ನು ಕೈಯಿಂದ ಸರಿಪಡಿಸುವ ಆಸ್ಟಿಯೋಪಥಿಯನ್ನು ಹುಟ್ಟುಹಾಕಿದ ಆಂಡ್ರ್ಯೂ ಟೇಲರ್ ಸ್ಟಿಲ್ 1864ರಲ್ಲಿ ಮೆನಿಂಜೈಟಿಸ್‌ಗೆ ಮೂರು ಮಕ್ಕಳನ್ನು ಕಳೆದುಕೊಂಡು, ಆ ಕಾಲದ ಔಷಧಗಳ ಮೇಲೆ ನಂಬಿಕೆ ಬಿಟ್ಟು, 1892ರಲ್ಲಿ ಇದೇ ಊರಲ್ಲಿ ಅದರ ಶಾಲೆ ತೆರೆದರು. ಮೂಳೆ ಸರಿಹೋದರೆ ರೋಗ ಸರಿಹೋಗುತ್ತದೆ ಎಂಬ ಅವರ ವಾದವನ್ನು ನಾನು ಒಪ್ಪುವುದಿಲ್ಲ. ಬೆನ್ನುನೋವಿಗೆ ಕೈಚಿಕಿತ್ಸೆಯಿಂದ ಒಂದಿಷ್ಟು ಆರಾಮ ಸಿಗಬಹುದು. ತಲೆಬುರುಡೆಯನ್ನು ಒತ್ತಿ ಕಾಯಿಲೆ ವಾಸಿಮಾಡುವ ಮಾತಿಗೆ ಗಟ್ಟಿ ಆಧಾರವಿಲ್ಲ. ಆದರೆ ಡಿ.ಒ. ಕಾಲೇಜುಗಳು ಔಷಧ, ಶಸ್ತ್ರಚಿಕಿತ್ಸೆ ಎಲ್ಲವನ್ನೂ ಕಲಿಸತೊಡಗಿ ಎಷ್ಟೋ ಕಾಲವಾದ ಮೇಲೂ ತಾತ್ಸಾರ ಹೋಗಲಿಲ್ಲ. ಎರಡನೇ ಮಹಾಯುದ್ಧದಲ್ಲಿ ವೈದ್ಯರಿಗೆ ಅಷ್ಟು ಬೇಡಿಕೆಯಿದ್ದರೂ ಸೇನೆ ಇವರನ್ನು ವೈದ್ಯಾಧಿಕಾರಿಗಳಾಗಿ ತೆಗೆದುಕೊಳ್ಳಲಿಲ್ಲ.

ಈ ತಾತ್ಸಾರದ ಬಂಡವಾಳ ಬಯಲಾದದ್ದು ಕ್ಯಾಲಿಫೋರ್ನಿಯಾದಲ್ಲಿ. 1960ರ ದಶಕದ ಆರಂಭದಲ್ಲಿ ಅಲ್ಲಿನ ಎಂ.ಡಿ.ಗಳ ಮತ್ತು ಡಿ.ಒ.ಗಳ ಸಂಘಗಳು ಒಂದಾದವು. ಡಿ.ಒ.ಗಳು ಚಿಕ್ಕದೊಂದು ತರಬೇತಿಗೆ ಹಾಜರಾಗಿ 65 ಡಾಲರ್ ಕಟ್ಟಿದರೆ ಎಂ.ಡಿ. ಪದವಿ! ಸುಮಾರು ಎರಡು ಸಾವಿರ ಮಂದಿ ತೆಗೆದುಕೊಂಡರು. ಅದೇ ಕೈ, ಅದೇ ಕಲಿಕೆ, ಅದೇ ರೋಗಿಗಳು. ನಿನ್ನೆಯವರೆಗೆ ಇವರು ಅಪಾಯಕಾರಿಗಳಾಗಿದ್ದರೆ, 65 ಡಾಲರಿನಿಂದ ಯಾವ ಅಪಾಯ ಕಳೆಯಿತು? ಜೊತೆಗೇ ರಾಜ್ಯದಲ್ಲಿ ಹೊಸ ಡಿ.ಒ.ಗಳಿಗೆ ಪರವಾನಗಿ ಕೊಡುವುದನ್ನೂ ನಿಲ್ಲಿಸಿದರು. ಅದನ್ನು ಸರಿಪಡಿಸಲು 1974ರಲ್ಲಿ ರಾಜ್ಯದ ಸುಪ್ರೀಂ ಕೋರ್ಟೇ ಬರಬೇಕಾಯಿತು.

ನನ್ನನ್ನು ಮ್ಯೂಸಿಯಂಗೆ ಕರೆದೊಯ್ದವಳು ಡಿ.ಒ. ಓದುತ್ತಿರುವ ಅಕ್ಕನ ಮಗಳು. ಕನ್ನಡ ಕೂಟದ ಯುಗಾದಿ ಊಟದಲ್ಲಿ ಹಿರಿಯರೊಬ್ಬರು ಒಬ್ಬಟ್ಟು ಬಡಿಸುತ್ತಲೇ ಅವಳನ್ನು ಕೇಳಿದರು: "ಯಾಕಮ್ಮಾ, ಎಂ.ಡಿ. ಸೀಟು ಸಿಗಲಿಲ್ವಾ?" ಅವಳು ಮಾತಾಡದೆ ತುಪ್ಪ ಹಾಕಿಸಿಕೊಂಡಳು. ನನಗಂತೂ ಊಟ ಸೇರಲಿಲ್ಲ.

ಮೊದಲ ಸಲ ಅಧ್ಯಕ್ಷರಾಗಿದ್ದ ಟ್ರಂಪ್‌ಗೆ ಕೊರೊನಾ ಬಂದಾಗ ನೋಡಿಕೊಂಡ ಶಾನ್ ಕಾನ್ಲಿ ಡಿ.ಒ.; ಬೈಡನ್ ಅಧ್ಯಕ್ಷರಾಗಿದ್ದಾಗ ಅವರ ವೈದ್ಯರಾಗಿದ್ದ ಕೆವಿನ್ ಓ'ಕಾನರ್ ಕೂಡ ಡಿ.ಒ. 2020ರ ಹೊತ್ತಿಗೆ ಎಂ.ಡಿ., ಡಿ.ಒ. ಇಬ್ಬರ ರೆಸಿಡೆನ್ಸಿ ತರಬೇತಿಯೂ ಒಂದೇ ಮಾನ್ಯತಾ ವ್ಯವಸ್ಥೆಗೆ ಬಂದಿದೆ. ಆದರೂ ಡಿ.ಒ.ಗಳ ಪರವಾನಗಿಗೆ ಸಾಕಾಗುವ ಕಾಮ್‌ಲೆಕ್ಸ್ ಪರೀಕ್ಷೆಯ ಜೊತೆಗೆ, ಎಂ.ಡಿ.ಗಳು ಬರೆಯುವ ಯು.ಎಸ್.ಎಂ.ಎಲ್.ಇ.ಯನ್ನೂ ಹುಡುಗಿ ಬರೆಯುತ್ತಿದ್ದಾಳೆ. ಅವಳಿಗೆ ಸರ್ಜರಿ ಬೇಕು. ಆ ಅಂಕಪಟ್ಟಿ ಇಲ್ಲದಿದ್ದರೆ ಕೆಲವು ಆಸ್ಪತ್ರೆಗಳು ಅರ್ಜಿಯನ್ನೇ ತೆರೆದು ನೋಡುವುದಿಲ್ಲವಂತೆ.